ದೊಡ್ಡ ಚಿತ್ರಕ್ಕೆ ದಪ್ಪ ಮೌಂಟ್: ಓರೆ ಅಂಚನ್ನು ಮನೆಯಲ್ಲೇ ಕತ್ತರಿಸುವ ಕ್ರಮ

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಮುಗಿಯಿತೆಂದರೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಸಾಲಾಗಿ ಬರತೊಡಗುತ್ತವೆ. ಎರಡಡಿಗೆ ಮೂರಡಿಯ ಜಲವರ್ಣವನ್ನೋ ಮುದ್ರಣಚಿತ್ರವನ್ನೋ ಕೊಂಡು ತಂದಿರುತ್ತಾರೆ. ಕಟ್ಟು ಹಾಕಿಸಲು ಹೋದರೆ ಅಂಗಡಿಯವರು ಮಾಮೂಲಿ ತೆಳು ಮೌಂಟನ್ನೇ ತೋರಿಸುತ್ತಾರೆ. ಗ್ಯಾಲರಿಯಲ್ಲಿ ಕಂಡಿದ್ದ, ಚಿತ್ರದ ಕಡೆಗೆ ಓರೆಯಾಗಿ ಇಳಿಯುವ ಆ ದಪ್ಪ ಬಿಳಿ ಅಂಚು ಬೇಕೆಂದರೆ ‘ಅಷ್ಟು ದೊಡ್ಡ ಸೈಜಿನಲ್ಲಿ ಬರುವುದಿಲ್ಲ’ ಎಂಬ ಉತ್ತರ ಸಿಗುತ್ತದೆ. ಬರುತ್ತದೆ, ಆದರೆ ಅದಕ್ಕೆ ಒಂದು ಇಡೀ ದಿನ ಬೇಕು, ಅಂಗಡಿಯವರಿಗೆ ಆ ದಿನ ಕೊಡುವುದು ಕಷ್ಟ. ನಿಮಗೆ ಬಿಡುವಿದ್ದರೆ, ಒಂದು ಬೋರ್ಡು ಹಾಳಾದರೂ ಪರವಾಗಿಲ್ಲ ಎನ್ನುವ ಮನಸ್ಸಿದ್ದರೆ, ಮನೆಯ ನೆಲದ ಮೇಲೆಯೇ ಮಾಡಿಕೊಳ್ಳಬಹುದು.

ಮೊದಲು ಪದಗಳ ಅರ್ಥ ತಿಳಿದುಕೊಳ್ಳೋಣ. ಚಿತ್ರದ ಸುತ್ತ, ಚೌಕಟ್ಟಿನ ಒಳಗೆ ಕೂರುವ, ನಡುವೆ ಕಿಟಕಿ ಕೊರೆದ ರಟ್ಟಿಗೆ ಮೌಂಟ್ ಎನ್ನುತ್ತಾರೆ. ಆ ಕಿಟಕಿಯ ಅಂಚನ್ನು ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದರೆ ಅದು ಬೆವೆಲ್, ಅಂದರೆ ಓರೆ ಅಂಚು. ರಟ್ಟಿನ ದಪ್ಪವನ್ನು ಪ್ಲೈ ಎಂಬ ಪದರದ ಲೆಕ್ಕದಲ್ಲಿ ಹೇಳುವುದುಂಟು. ಮಾಮೂಲಿಯಾಗಿ ಬಳಸುವುದು 4 ಪ್ಲೈ, ದಪ್ಪ ಸುಮಾರು 1.5 ಮಿ.ಮೀ. ಈ ಲೇಖನದ ವಿಷಯ 8 ಪ್ಲೈ, ಅಂದರೆ ಸುಮಾರು 3 ಮಿ.ಮೀ. ಮತ್ತು ಅದಕ್ಕೂ ದಪ್ಪನೆಯವು. 45 ಡಿಗ್ರಿಯ ಓರೆಯಲ್ಲಿ ಕಾಣುವ ಅಂಚು ರಟ್ಟಿನ ದಪ್ಪದ 1.4 ಪಟ್ಟು ಇರುವುದರಿಂದ 4 ಪ್ಲೈಯಲ್ಲಿ ಎರಡು ಮಿ.ಮೀ.ನ ಒಂದು ಗೆರೆ ಮಾತ್ರ ಕಂಡರೆ, 8 ಪ್ಲೈಯಲ್ಲಿ ನಾಲ್ಕು ಮಿ.ಮೀ.ಗಿಂತ ಅಗಲವಾದ, ಒಂದು ಬದಿ ನೆರಳು ಇನ್ನೊಂದು ಬದಿ ಬೆಳಕು ಹಿಡಿಯುವ ಇಳಿಜಾರೇ ಕಾಣುತ್ತದೆ.

ದಪ್ಪ ಮೌಂಟ್ ಬರೀ ಅಂದಕ್ಕಲ್ಲ. ದೊಡ್ಡ ಹಾಳೆ ಮಳೆಗಾಲದ ತೇವಕ್ಕೆ ಹಿಗ್ಗಿ ನಡುವೆ ಉಬ್ಬುತ್ತದೆ, ಒಂದೂವರೆ ಮಿ.ಮೀ. ಅಂತರವಿದ್ದರೆ ಉಬ್ಬಿದ ಭಾಗ ಗಾಜಿಗೆ ತಾಗುತ್ತದೆ, ಛಾಯಾಚಿತ್ರವಾದರೆ ಅಂಟಿಕೊಂಡೇ ಬಿಡುತ್ತದೆ, ಬಿಡಿಸಲು ಹೋದರೆ ಮೇಲ್ಪದರ ಕಿತ್ತು ಬರುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಆಭರಣಗಳನ್ನು ಗೆಸ್ಸೋ ಲೇಪದಿಂದ ಉಬ್ಬಿಸಿ ಚಿನ್ನದ ರೇಕು ಹಚ್ಚಿರುತ್ತಾರೆ. ಆ ಉಬ್ಬು ಗಾಜಿಗೆ ಉಜ್ಜಿದರೆ ಮೊದಲು ಹೋಗುವುದು ಚಿನ್ನವೇ. ಇದ್ದಿಲು ಮತ್ತು ಪ್ಯಾಸ್ಟಲ್ ಚಿತ್ರಗಳಿಗೂ ಇದೇ ಭಯ.

ಬೇಕಾಗುವ ಸಾಮಾನು

ಓರೆ ಕತ್ತರಿಸುವ ಕೈ ಮೌಂಟ್ ಕಟರ್ ಒಂದು, ಅದಕ್ಕೆ ಒಂದು ಪೊಟ್ಟಣ ಹೊಸ ಬ್ಲೇಡು. ಬ್ಲೇಡುಗಳಲ್ಲಿ 0.3 ಮಿ.ಮೀ. ದಪ್ಪದವು ಮತ್ತು ಅದಕ್ಕಿಂತ ಸ್ವಲ್ಪ ದಪ್ಪನೆಯವು ಸಿಗುತ್ತವೆ. 8 ಪ್ಲೈಗೆ ದಪ್ಪನೆಯದೇ ಬೇಕು, ತೆಳುವಾದದ್ದು ರಟ್ಟಿನೊಳಗೆ ಬಾಗುತ್ತದೆ. ಒಂದೂವರೆ ಮೀಟರಿನ ಉಕ್ಕಿನ ಪಟ್ಟಿ. ಗಾರೆ ಕೆಲಸದವರ ಅಲ್ಯೂಮಿನಿಯಂ ಪಟ್ಟಿ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಗೆರೆ ಎಳೆಯಲು ಸಾಕು, ಬ್ಲೇಡು ಓಡಿಸಲು ಬೇಡ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಬ್ಲೇಡು ಅದನ್ನೇ ಕಚ್ಚಿಕೊಂಡು ಹೋಗುತ್ತದೆ. ಬಡಗಿಗಳ ಮೂಲೆಮಟ್ಟ, ನಾಲ್ಕು ಸಿ ಕ್ಲಾಂಪು, ಗಟ್ಟಿ ಪೆನ್ಸಿಲ್, 400 ನಂಬರಿನ ಉಪ್ಪುಕಾಗದ, ಬೈಂಡಿಂಗ್ ಕೆಲಸದವರು ಮಡಿಕೆ ಒತ್ತಲು ಬಳಸುವ ಮೂಳೆಯ ಪಟ್ಟಿ ಇಷ್ಟಿರಲಿ. ಮೂಳೆಯ ಪಟ್ಟಿ ಸಿಗದಿದ್ದರೆ ನುಣುಪಾದ ಸ್ಟೀಲ್ ಚಮಚದ ಬೆನ್ನು ಆಗುತ್ತದೆ. ಹತಾರಗಳು ಎಸ್.ಪಿ. ರಸ್ತೆಯ ಕಡೆ ಸಿಗುತ್ತವೆ. ಕಾಗದ ಮತ್ತು ರಟ್ಟಿಗೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಯ ಕಡೆ ವಿಚಾರಿಸಿ.

ಕೆಲಸ ಮಾಡಲು ಬೋರ್ಡಿಗಿಂತ ದೊಡ್ಡದಾದ, ಸಮತಟ್ಟಾದ ಜಾಗ ಬೇಕು. ಊಟದ ಮೇಜು ಸಾಲುವುದಿಲ್ಲ. ನೆಲದ ಮೇಲೆ 12 ಮಿ.ಮೀ.ನ ಪ್ಲೈವುಡ್ ಹಾಸಿಕೊಂಡು, ಮಂಡಿಯ ಕೆಳಗೆ ದಿಂಬಿಟ್ಟುಕೊಂಡು ಕೂರುವುದೇ ಒಳ್ಳೆಯದು.

ಹಂತ 1: ಚಿತ್ರ ಅಳೆದು ಲೆಕ್ಕ ಬರೆದುಕೊಳ್ಳಿ

ಬೋರ್ಡು ಕೊಳ್ಳುವ ಮೊದಲೇ ಲೆಕ್ಕ ಮುಗಿದಿರಬೇಕು. ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ: ಚಿತ್ರ 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ. ಕಿಟಕಿಯ ಅಂಚು ಚಿತ್ರವನ್ನು ಪ್ರತಿ ಬದಿಯಲ್ಲೂ 5 ಮಿ.ಮೀ. ಮುಚ್ಚಬೇಕು, ಇಲ್ಲದಿದ್ದರೆ ಹಾಳೆ ಒಳಗಿಂದ ಜಾರಿ ಅಂಚು ಕಾಣತೊಡಗುತ್ತದೆ. ಹಾಗಾಗಿ ಕಿಟಕಿ 59 × 89 ಸೆಂ.ಮೀ. ಮೇಲೆ ಮತ್ತು ಅಕ್ಕಪಕ್ಕ 12 ಸೆಂ.ಮೀ., ಕೆಳಗೆ 14 ಸೆಂ.ಮೀ. ಅಂಚು ಬಿಟ್ಟರೆ ಮೌಂಟಿನ ಹೊರ ಅಳತೆ 83 × 115 ಸೆಂ.ಮೀ. ಆಗುತ್ತದೆ. ಕೆಳಗಿನ ಅಂಚು ಸ್ವಲ್ಪ ಹೆಚ್ಚಿರುವುದು ಹಳೆಯ ರೂಢಿ. ನಾಲ್ಕೂ ಕಡೆ ಸಮನಾಗಿಟ್ಟರೆ ಗೋಡೆಯ ಮೇಲೆ ಚಿತ್ರ ಕೆಳಕ್ಕೆ ಕುಸಿದಂತೆ ಕಾಣುತ್ತದೆ. ದೊಡ್ಡ ಚಿತ್ರಕ್ಕೆ ಆರೇಳು ಸೆಂ.ಮೀ.ನ ಕಿರಿದಾದ ಅಂಚು ಬಿಡಬೇಡಿ. ದಪ್ಪ ಮೌಂಟಿನ ಸೊಗಸು ಅಗಲದಲ್ಲಿದೆ, ಅಲ್ಲದೆ ಕಿರಿದಾದ ಪಟ್ಟಿ ಕತ್ತರಿಸುವಾಗಲೇ ಬಾಗುತ್ತದೆ.

ಇಲ್ಲಿ ಹೊಸಬರನ್ನು ದಾರಿ ತಪ್ಪಿಸುವ ಒಂದು ಅಂಶವಿದೆ. ಓರೆ ಅಂಚಿನಲ್ಲಿ ಕಿಟಕಿಗೆ ಎರಡು ಅಳತೆ: ಚಿತ್ರಕ್ಕೆ ತಾಗುವ ಹಿಂಬದಿಯದು ಚಿಕ್ಕದು, ನಮಗೆ ಕಾಣುವ ಮುಂಬದಿಯದು ದೊಡ್ಡದು. 3 ಮಿ.ಮೀ. ರಟ್ಟಿನಲ್ಲಿ ಪ್ರತಿ ಬದಿಗೂ 3 ಮಿ.ಮೀ. ವ್ಯತ್ಯಾಸ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಹಿಂಬದಿಯ ಕಿಟಕಿ 59 × 89 ಆದರೆ ಮುಂಬದಿಯದು 59.6 × 89.6; 12 ಸೆಂ.ಮೀ. ಎಂದುಕೊಂಡ ಅಂಚು ಮುಂದಿನಿಂದ 11.7 ಕಾಣುತ್ತದೆ. ತೆಳು ರಟ್ಟಿನಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ದಪ್ಪ ರಟ್ಟಿನಲ್ಲಿ, ವಿಶೇಷವಾಗಿ ಎರಡು ಮೂರು ಕಿಟಕಿಗಳಿರುವ ಮೌಂಟಿನಲ್ಲಿ, ನಡುವಿನ ಪಟ್ಟಿ ಎರಡೂ ಕಡೆಯಿಂದ ಸವೆದು ಅಂದುಕೊಂಡದ್ದಕ್ಕಿಂತ 6 ಮಿ.ಮೀ. ಸಣ್ಣದಾಗಿರುತ್ತದೆ. ಕಾಗದದ ಮೇಲೆ ಎರಡೂ ಅಳತೆಗಳನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಹಂತ 2: ಬೋರ್ಡು ಆರಿಸುವುದು, ಮನೆಗೆ ತರುವುದು

ಮೌಂಟ್ ಬೋರ್ಡಿನ ಮಾಮೂಲಿ ಹಾಳೆ 32 × 40 ಇಂಚು, ಅಂದರೆ ಸುಮಾರು 81 × 102 ಸೆಂ.ಮೀ. ನಮ್ಮ 83 × 115 ಅದರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ದೊಡ್ಡ ಹಾಳೆ, ಅಂದರೆ 40 × 60 ಇಂಚಿನದನ್ನು ಕೇಳಬೇಕು; ಅದು ಸುಮಾರು 102 × 152 ಸೆಂ.ಮೀ. ಇರುತ್ತದೆ. ಎಲ್ಲ ಬಣ್ಣಗಳೂ ಈ ಅಳತೆಯಲ್ಲಿ ಬರುವುದಿಲ್ಲ, ಬಿಳಿ ಮತ್ತು ಕೆನೆ ಬಣ್ಣದವು ಸಿಗುವ ಸಾಧ್ಯತೆ ಹೆಚ್ಚು. ಅಂಗಡಿಯಲ್ಲಿ ಪ್ಲೈ ಲೆಕ್ಕಕ್ಕಿಂತ ಮಿ.ಮೀ. ಲೆಕ್ಕದಲ್ಲಿ ಕೇಳಿದರೆ ಗೊಂದಲ ಕಡಿಮೆ.

ರಟ್ಟಿನ ಒಳಗೇನಿದೆ ಎಂಬುದು ಮುಖ್ಯ. ಅಗ್ಗದ ಬೋರ್ಡು ಮರದ ತಿರುಳಿನಿಂದ ಆದದ್ದು; ಅದರಲ್ಲಿರುವ ಲಿಗ್ನಿನ್ ಎಂಬ ಅಂಶ ಕಾಲಕ್ರಮೇಣ ಆಮ್ಲವಾಗಿ, ಬಿಳಿಯ ಓರೆ ಅಂಚು ಹಳದಿಗೆ, ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಹಳೆಯ ಮನೆಗಳ ಫೋಟೋಗಳಲ್ಲಿ ಕಿಟಕಿಯ ಸುತ್ತ ಕಂದು ಗೆರೆ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ದಪ್ಪ ಮೌಂಟಿನಲ್ಲಿ ಕಾಣುವ ಅಂಚೇ ಹೆಚ್ಚು, ಹಾಗಾಗಿ ಕಲೆಯೂ ಹೆಚ್ಚು ಎದ್ದು ಕಾಣುತ್ತದೆ. ಹತ್ತಿ ನಾರಿನಿಂದಾದ ಬೋರ್ಡು ದುಬಾರಿ, ಆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ, ಚಿತ್ರಕ್ಕೂ ಕ್ಷೇಮ. ಬೆಲೆಬಾಳುವ ಮೂಲ ಚಿತ್ರಕ್ಕೆ ಅದನ್ನೇ ಬಳಸಿ. ಮತ್ತೆ ಮುದ್ರಿಸಿಕೊಳ್ಳಬಹುದಾದ ಪೋಸ್ಟರಿಗೆ ಆ ಖರ್ಚು ಬೇಕಿಲ್ಲ.

ತರುವ ದಾರಿಯಲ್ಲಿಯೇ ಎಷ್ಟೋ ಬೋರ್ಡುಗಳು ಹಾಳಾಗುತ್ತವೆ. ಆಟೋದಲ್ಲಿ ಹಿಡಿಸಲೆಂದು ಸುರುಳಿ ಸುತ್ತಿದರೆ ಒಳಪದರ ಮುರಿಯುತ್ತದೆ. ಮೇಲೆ ಏನೂ ಕಾಣದಿದ್ದರೂ ಬ್ಲೇಡು ಆ ಜಾಗಕ್ಕೆ ಬಂದಾಗ ಓರೆ ಅಂಚು ಸೀಳಿಕೊಳ್ಳುತ್ತದೆ. ಎರಡು ಗಟ್ಟಿ ರಟ್ಟುಗಳ ನಡುವೆ ಕಟ್ಟಿಸಿ, ಗೂಡ್ಸ್ ಆಟೋದಲ್ಲಿ ಮಟ್ಟಸವಾಗಿ ಮಲಗಿಸಿ ತನ್ನಿ. ತಂದ ಕೂಡಲೇ ಕತ್ತರಿಸಬೇಡಿ. ಕೆಲಸ ಮಾಡುವ ಕೋಣೆಯಲ್ಲೇ ಎರಡು ದಿನ ಮಲಗಿಸಿಡಿ, ಅಲ್ಲಿನ ತೇವಕ್ಕೆ ಬೋರ್ಡು ಒಗ್ಗಿಕೊಳ್ಳಲಿ. ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆ ಒಳ್ಳೆಯದು. ಜುಲೈಯಿಂದ ಅಕ್ಟೋಬರ್‌ವರೆಗೆ ತೇವ ಹೀರಿದ ರಟ್ಟು ಗರಗರನೆ ಕತ್ತರಿಸುವ ಬದಲು ಬ್ಲೇಡಿಗೆ ಅಂಟಿಕೊಂಡು ನಾರು ಎಳೆಯುತ್ತದೆ.

ಹಂತ 3: 3 ಮಿ.ಮೀ. ಸಿಗದಿದ್ದರೆ ಎರಡನ್ನು ಸೇರಿಸುವುದು

ದೊಡ್ಡ ಹಾಳೆಯಲ್ಲಿ 8 ಪ್ಲೈ ಸಿಗದೆ ಹೋಗುವುದುಂಟು. ಆಗ 4 ಪ್ಲೈನ ಎರಡು ಹಾಳೆಗಳನ್ನು ಅಂಟಿಸಿಕೊಳ್ಳಬಹುದು. ಎರಡರ ನಾರಿನ ದಿಕ್ಕು ಒಂದೇ ಇರಬೇಕು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವಾಗ ಮಡಿಕೆ ಯಾವ ಕಡೆಗಿರುತ್ತದೆಯೋ ಅದೇ ನಾರಿನ ದಿಕ್ಕು. ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬಂದರೆ ಮೊದಲ ಮಳೆಗೇ ಮೌಂಟು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಆಮ್ಲವಿಲ್ಲದ ಬಿಳಿ ಪಿವಿಎ ಅಂಟನ್ನು ರೋಲರಿನಿಂದ ತೆಳುವಾಗಿ, ಅಂಚಿನವರೆಗೂ ಸಮವಾಗಿ ಹಚ್ಚಿ. ನಡುವೆ ಅಂಟಿಲ್ಲದ ಜಾಗ ಉಳಿದರೆ, ಕಿಟಕಿ ಕತ್ತರಿಸಿದಾಗ ಓರೆ ಅಂಚು ಅಲ್ಲಿ ಬಾಯಿ ಬಿಡುತ್ತದೆ. ಡಬಲ್ ಟೇಪು ಹಚ್ಚಿ ಸೇರಿಸುವವರೂ ಇದ್ದಾರೆ. ಬ್ಲೇಡು ಟೇಪಿನ ಮೇಲೆ ಹಾಯುವಾಗ ಪದರಗಳು ಜಾರುತ್ತವೆ, ಬ್ಲೇಡಿಗೂ ಅಂಟು ಮೆತ್ತುತ್ತದೆ, ಆ ದಾರಿ ಬೇಡ. ಸೇರಿಸಿದ ಹಾಳೆಯನ್ನು ಪ್ಲೈವುಡ್ಡಿನ ಕೆಳಗಿಟ್ಟು ಪುಸ್ತಕಗಳನ್ನೋ ಅಕ್ಕಿ ಮೂಟೆಯನ್ನೋ ಹೇರಿ ಪೂರ್ತಿ ಒಂದು ದಿನ ಬಿಡಿ. ಮುಟ್ಟಿದರೆ ತಣ್ಣಗಿದೆ ಎನಿಸಿದರೆ ಒಳಗೆ ಇನ್ನೂ ತೇವವಿದೆ ಎಂದು ತಿಳಿಯಿರಿ.

ಎರಡೂ ಹಾಳೆಗಳ ಒಳತಿರುಳು ಒಂದೇ ಬಿಳುಪಿನದ್ದಾಗಿರಲಿ. ಇಲ್ಲವಾದರೆ ಓರೆಯಲ್ಲಿ ಎರಡು ಬಣ್ಣದ ಪಟ್ಟೆ ಕಾಣುತ್ತದೆ. ಕೆಲವರು ಬೇಕೆಂದೇ ನಡುವೆ ಒಂದು ತೆಳು ಕಪ್ಪು ಕಾಗದ ಸೇರಿಸಿ ಓರೆಯ ಮಧ್ಯೆ ಕೂದಲೆಳೆಯಂಥ ಗೆರೆ ಬರಿಸುತ್ತಾರೆ. ಹಳೆಯ ನಕ್ಷೆ, ರೇಖಾಚಿತ್ರಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಹಂತ 4: ಹೊರ ಅಳತೆ, ಗುರುತು

ಹೊರ ಅಂಚನ್ನು ನೇರ ಬ್ಲೇಡಿನಿಂದ ಕತ್ತರಿಸಿ. ಒಂದೇ ಸಲಕ್ಕೆ ಬಲ ಹಾಕದೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಚೌಕಟ್ಟಿನ ಒಳ ಅಳತೆಗಿಂತ ಮೌಂಟು ಎರಡೂ ದಿಕ್ಕಿನಲ್ಲಿ 3 ಮಿ.ಮೀ. ಚಿಕ್ಕದಿರಲಿ, ಮಳೆಗಾಲದಲ್ಲಿ ಹಿಗ್ಗಲು ಜಾಗ ಬೇಕು. ಅಂದರೆ ಮೌಂಟು 83 × 115 ಆದರೆ ಚೌಕಟ್ಟಿನ ಒಳ ಅಳತೆ 83.3 × 115.3 ಎಂದು ಹೇಳಬೇಕು.

ಮೂಲೆಗಳು ನೇರವಾಗಿವೆಯೇ ಎಂದು ತಿಳಿಯಲು ಮೂಲೆಮಟ್ಟವೊಂದನ್ನೇ ನಂಬಬೇಡಿ. ಒಂದಡಿಯ ಮೂಲೆಮಟ್ಟದಲ್ಲಿ ಕಾಣದ ಕೂದಲೆಳೆಯ ತಪ್ಪು ಒಂದು ಮೀಟರ್ ಸಾಗುವಷ್ಟರಲ್ಲಿ ಎರಡು ಮೂರು ಮಿ.ಮೀ. ಆಗಿರುತ್ತದೆ. ಎದುರುಬದುರು ಮೂಲೆಗಳ ನಡುವಿನ ಕರ್ಣ ಅಳೆಯಿರಿ. ಹೊರ ಅಳತೆಗೆ ಎರಡೂ ಕರ್ಣ 141.8 ಸೆಂ.ಮೀ. ಬರಬೇಕು, ಕಿಟಕಿಯ ಗುರುತಿಗೆ ಎರಡೂ 106.8 ಸೆಂ.ಮೀ. ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಳಿಸಿ ಮತ್ತೆ ಗೆರೆ ಎಳೆಯಿರಿ.

ಗುರುತು ಹಾಕುವುದು ಬೋರ್ಡಿನ ಹಿಂಬದಿಯಲ್ಲಿ. ಗೆರೆಗಳನ್ನು ಮೂಲೆಯಲ್ಲಿ ನಿಲ್ಲಿಸದೆ ಒಂದನ್ನೊಂದು ದಾಟಿ ಬೋರ್ಡಿನ ಅಂಚಿನವರೆಗೂ ಎಳೆಯಿರಿ. ಬ್ಲೇಡು ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಎಂದು ಆ ಅಡ್ಡಗೆರೆಗಳೇ ತೋರಿಸಬೇಕು. ಕೆಳಗೆ 14 ಸೆಂ.ಮೀ. ಬಿಡುವ ಬದಿಗೆ ‘ಕೆಳಗೆ’ ಎಂದು ಬರೆಯಿರಿ, ತೆಗೆದು ಬಿಸಾಡುವ ನಡುವಿನ ಭಾಗದ ಮೇಲೆ ದೊಡ್ಡದಾಗಿ ಗುಣಿಸು ಚಿಹ್ನೆ ಹಾಕಿ. ಹಾಸ್ಯಾಸ್ಪದ ಎನಿಸಬಹುದು. ಒಂದು ಸಂಜೆ ಕರೆಂಟು ಹೋಗುವ ಮೊದಲು ಮುಗಿಸಿಬಿಡೋಣವೆಂದು ಈ ಚಿಹ್ನೆ ಹಾಕದೆ ಕತ್ತರಿಸಲು ಕುಳಿತ ನಾನು ಓರೆಯನ್ನು ತಿರುವುಮುರುವಾಗಿ ಹೊಡೆದು, 40 × 60 ಇಂಚಿನ ಇಡೀ ಹತ್ತಿ ಬೋರ್ಡನ್ನು ರದ್ದಿಗೆ ಹಾಕಿದ್ದೇನೆ.

ಹಂತ 5: ಚೂರಿನ ಮೇಲೆ ಪರೀಕ್ಷೆ

ಈ ಹಂತವನ್ನು ಬಿಡುವವರೇ ಹೆಚ್ಚು, ಆಮೇಲೆ ಪತ್ರ ಬರೆಯುವವರೂ ಅವರೇ. ಹೊರ ಅಂಚು ಕತ್ತರಿಸಿದಾಗ ಉಳಿದ ಅದೇ ಬೋರ್ಡಿನ ಚೂರಿನ ಮೇಲೆ ಅಂಗೈಯಗಲದ ಒಂದು ಕಿಟಕಿ ಕೊರೆದು ನೋಡಿ. ಅದರಿಂದ ಮೂರು ಸಂಗತಿಗಳನ್ನು ತಿಳಿಯಬೇಕು.

ಮೊದಲನೆಯದು ಬ್ಲೇಡಿನ ಉದ್ದ. 3 ಮಿ.ಮೀ. ರಟ್ಟನ್ನು ಓರೆಯಾಗಿ ದಾಟಲು ಬ್ಲೇಡು 4.2 ಮಿ.ಮೀ. ಹೊರಚಾಚಬೇಕು, ಕೆಳಗೆ ಹಾಕುವ ಬೇಡದ ಬೋರ್ಡಿನ ಪಟ್ಟಿಯನ್ನು, ಅಂದರೆ ಹಾಸುರಟ್ಟನ್ನು, ಸ್ವಲ್ಪ ಕಚ್ಚಲು ಇನ್ನೊಂದು ಮಿ.ಮೀ. ಒಟ್ಟು 5 ಮಿ.ಮೀ.ಗಿಂತ ತುಸು ಹೆಚ್ಚು. ಅದಕ್ಕಿಂತ ಉದ್ದವಿಟ್ಟರೆ ಬ್ಲೇಡು ಬಾಗುತ್ತದೆ.

ಎರಡನೆಯದು, ಕಟರಿನ ಪಾದದ ಅಂಚಿಗೂ ಬ್ಲೇಡು ಇಳಿಯುವ ಜಾಗಕ್ಕೂ ಇರುವ ಅಂತರ. ಉಕ್ಕಿನ ಪಟ್ಟಿಯನ್ನು ಗೆರೆಯಿಂದ ಅಷ್ಟೇ ದೂರದಲ್ಲಿ ಇಡಬೇಕಾಗುತ್ತದೆ. ಆ ಅಗಲದ ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿಟ್ಟುಕೊಂಡರೆ ಪ್ರತಿ ಸಲ ಅಳೆಯುವ ಕಷ್ಟ ತಪ್ಪುತ್ತದೆ.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಗೆರೆ ದಾಟಿ ಎಷ್ಟು ಕತ್ತರಿಸಬೇಕು ಎಂಬುದು. ಓರೆಯಾಗಿ ಹೋಗುವ ಬ್ಲೇಡು ಮುಂಬದಿಯಲ್ಲಿ ಹೊರಬರುವುದು ಗೆರೆಯಿಂದ 3 ಮಿ.ಮೀ. ಆಚೆಗೆ. ಆದ್ದರಿಂದ ಮುಂಬದಿಯ ಮೂಲೆಯಲ್ಲಿ ಎರಡು ಸೀಳುಗಳು ಕೂಡಬೇಕಾದರೆ ಹಿಂಬದಿಯಲ್ಲಿ ಅಡ್ಡಗೆರೆಗಿಂತ ಸುಮಾರು 3 ಮಿ.ಮೀ. ಮೊದಲೇ ಆರಂಭಿಸಿ, ಅಷ್ಟೇ ಆಚೆಗೆ ಮುಗಿಸಬೇಕು. ತೆಳು ರಟ್ಟಿನ ರೂಢಿಯಲ್ಲಿ ಒಂದೂವರೆ ಮಿ.ಮೀ.ಗೆ ನಿಲ್ಲಿಸಿದರೆ ಮೂಲೆಯಲ್ಲಿ ನಾರು ಹಿಡಿದುಕೊಂಡಿರುತ್ತದೆ, ಐದಾರು ಮಿ.ಮೀ. ದಾಟಿಸಿದರೆ ಮುಂಬದಿಯಲ್ಲಿ ಮೂಲೆಯಾಚೆಗೆ ಸೀಳು ಕಾಣುತ್ತದೆ. ನಿಮ್ಮ ಕಟರು, ನಿಮ್ಮ ಬ್ಲೇಡಿಗೆ ಸರಿಯಾದ ಅಂಕಿ 3ರ ಆಸುಪಾಸಿನಲ್ಲಿ ಎಲ್ಲೋ ಇರುತ್ತದೆ. ಮೂರು ನಾಲ್ಕು ಚೂರು ಹಾಳು ಮಾಡಿಯಾದರೂ ಅದನ್ನು ಕಂಡುಹಿಡಿದು, ಕಟರಿನ ಮೇಲೆಯೇ ಬರೆದು ಅಂಟಿಸಿಕೊಳ್ಳಿ.

ಹಂತ 6: ಕಿಟಕಿ ಕತ್ತರಿಸುವುದು

ಪ್ಲೈವುಡ್ಡಿನ ಮೇಲೆ ಹಾಸುರಟ್ಟು, ಅದರ ಮೇಲೆ ಬೋರ್ಡು ಮುಖ ಕೆಳಗಾಗಿ. ಹಾಸುರಟ್ಟು ಎಂದರೆ ಬ್ಲೇಡಿನ ತುದಿ ಕಚ್ಚಲು ಕೆಳಗೆ ಹಾಕುವ ಬೇಡದ ಮೌಂಟ್ ಬೋರ್ಡಿನ ಪಟ್ಟಿ. ಪ್ರತಿ ಸೀಳಿಗೂ ಅದನ್ನು ಸ್ವಲ್ಪ ಸರಿಸಿ. ಹಳೆಯ ಸೀಳಿನ ಮೇಲೆಯೇ ಹೊಸದು ಬಂದರೆ ಬ್ಲೇಡು ಹಳೆಯ ದಾರಿ ಹಿಡಿದು ಅಡ್ಡಾದಿಡ್ಡಿ ಹೋಗುತ್ತದೆ. ಹಾಸುರಟ್ಟೇ ಇಲ್ಲದಿದ್ದರೆ ಮುಂಬದಿಯ ಅಂಚು ನವಿರಾಗದೆ ಹಲ್ಲುಹಲ್ಲಾಗಿರುತ್ತದೆ.

ಬ್ಲೇಡಿನ ದಿಕ್ಕನ್ನು ಎರಡು ಸಲ ನೋಡಿ: ಹಿಂಬದಿಯಿಂದ ಕತ್ತರಿಸುವಾಗ ಬ್ಲೇಡಿನ ತುದಿ ಬೋರ್ಡಿನ ಹೊರ ಅಂಚಿನ ಕಡೆಗೂ, ಹಿಡಿ ನಡುವಿನ ಗುಣಿಸು ಚಿಹ್ನೆಯ ಕಡೆಗೂ ವಾಲಿರಬೇಕು. ಉಕ್ಕಿನ ಪಟ್ಟಿಯ ಎರಡೂ ತುದಿಗೆ ಕ್ಲಾಂಪು ಹಾಕಿ. ಮೀಟರಿನಷ್ಟು ಉದ್ದದ ಪಟ್ಟಿಯನ್ನು ಎಡಗೈಯಲ್ಲಿ ಒತ್ತಿಹಿಡಿಯುತ್ತೇನೆ ಎಂದುಕೊಂಡರೆ ಅದು ನಡುವೆ ಬಾಗಿ, ಕಿಟಕಿಯ ಅಂಚು ಬಿಲ್ಲಿನಂತಾಗುತ್ತದೆ.

ಹೊಸ ಬ್ಲೇಡು ಹಾಕಿ, ಮೊದಲು ಎರಡು ಮಿ.ಮೀ. ಮಾತ್ರ ಹೊರಚಾಚುವಂತೆ ಬಿಗಿದು ಒಮ್ಮೆ ಎಳೆಯಿರಿ. ಇದು ದಾರಿ ಮಾಡುವ ಸೀಳು. ಆಮೇಲೆ ಪಟ್ಟಿಯನ್ನು ಅಲುಗಿಸದೆ, ಬ್ಲೇಡನ್ನು ಪೂರ್ತಿ ಉದ್ದಕ್ಕೆ ಬಿಟ್ಟು, ಅದೇ ದಾರಿಯಲ್ಲಿ ಎರಡನೆಯ ಸಲ, ಬೇಕಾದರೆ ಮೂರನೆಯ ಸಲ ಎಳೆಯಿರಿ. ಒಂದೇ ಏಟಿಗೆ 3 ಮಿ.ಮೀ. ಕತ್ತರಿಸಲು ಹೋದಾಗ ಬ್ಲೇಡು ರಟ್ಟಿನೊಳಗೆ ಬಾಗಿ, ಸೀಳಿನ ಆರಂಭದಲ್ಲಿ ಕೊಕ್ಕೆಯಂಥ ಡೊಂಕು ಬರುತ್ತದೆ. ‘ಮೂಲೆಯ ಹತ್ತಿರ ಮಾತ್ರ ಅಂಚು ಯಾಕೆ ಸೊಟ್ಟ?’ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಇದೇ: ನೀವು ಬಲ ಹಾಕುತ್ತಿದ್ದೀರಿ.

89 ಸೆಂ.ಮೀ.ನ ಸೀಳು ಒಂದು ತೋಳಿನ ಎಳೆತಕ್ಕೆ ಮುಗಿಯುವುದಿಲ್ಲ. ಕೂತಲ್ಲಿಂದ ಕೈ ಚಾಚದೆ ಮಂಡಿಯ ಮೇಲೆ ಕಟರಿನ ಜೊತೆಗೇ ಸರಿಯಿರಿ. ನಡುವೆ ನಿಲ್ಲಬೇಕಾಗಿ ಬಂದರೆ ಬ್ಲೇಡನ್ನು ಮೇಲೆತ್ತದೆ ಅಲ್ಲೇ ಬಿಟ್ಟು ಮೈ ಸರಿಸಿಕೊಳ್ಳಿ. ಎತ್ತಿ ಮತ್ತೆ ಇಳಿಸಿದ ಜಾಗದಲ್ಲಿ ಓರೆಯ ಮೇಲೊಂದು ಮೆಟ್ಟಿಲು ಉಳಿದುಬಿಡುತ್ತದೆ. ಕಿವಿಯನ್ನೂ ಬಳಸಿ. ದಪ್ಪ ರಟ್ಟಿನೊಳಗೆ ಬ್ಲೇಡು ‘ಸರ್’ ಎಂದು ಒಂದೇ ಶ್ರುತಿಯಲ್ಲಿ ಓಡುತ್ತದೆ, ಹಾಸುರಟ್ಟು ಮುಟ್ಟಿದ ಕೂಡಲೇ ದನಿ ಮಂದವಾಗುತ್ತದೆ. ಇಡೀ ಉದ್ದಕ್ಕೂ ಆ ಮಂದ ದನಿ ಕೇಳಿದರೆ ಸೀಳು ಪೂರ್ತಿಯಾಗಿದೆ. ‘ಕರಕರ’ ಎಂದರೆ ಬ್ಲೇಡು ಮೊಂಡಾಗಿದೆ. ಎರಡು ಬದಿಗೊಂದು ಹೊಸ ಬ್ಲೇಡು ಎಂದು ಲೆಕ್ಕವಿಟ್ಟುಕೊಳ್ಳಿ, ಹತ್ತಿ ಬೋರ್ಡಿಗಂತೂ ಜಿಪುಣತನ ಬೇಡ.

ನಾಲ್ಕೂ ಬದಿ ಮುಗಿದ ಮೇಲೆ ಬೋರ್ಡನ್ನು ಎತ್ತುವ ಮುನ್ನ ನಡುವಿನ ಭಾಗದ ಕೆಳಗೆ ಕೈ ಕೊಡಿ. ಅಷ್ಟು ದೊಡ್ಡ ತುಂಡು ಮೂರು ಮೂಲೆಯಲ್ಲಿ ಬಿಟ್ಟುಕೊಂಡು ನಾಲ್ಕನೆಯದರಲ್ಲಿ ಜೋತುಬಿದ್ದರೆ ತನ್ನ ಭಾರಕ್ಕೇ ಆ ಮೂಲೆಯನ್ನು ಹರಿದುಕೊಂಡು ಹೋಗುತ್ತದೆ.

ಹಂತ 7: ಮೂಲೆ ಬಿಡದಿದ್ದರೆ, ಅಂಚು ಒರಟಾದರೆ

ನಡುವಿನ ತುಂಡು ತಾನಾಗಿ ಬೀಳಬೇಕು. ಬೀಳದಿದ್ದರೆ ಎಳೆಯಬೇಡಿ, ತಳ್ಳಲೂಬೇಡಿ. ಬೋರ್ಡನ್ನು ಮುಖ ಮೇಲಾಗಿ ತಿರುಗಿಸಿ, ಹಿಡಿಯಿಲ್ಲದ ಬರೀ ಹೊಸ ಬ್ಲೇಡನ್ನು ಅದೇ ಓರೆಯಲ್ಲಿ ಸೀಳಿನೊಳಗೆ ಜಾರಿಸಿ, ಮೂಲೆಯ ಕಡೆಗೆ ಒಂದೆರಡು ಸಲ ಮೆಲ್ಲಗೆ ಒತ್ತಿ. ಅಂಟಿಕೊಂಡಿರುವುದು ನಾಲ್ಕಾರು ನಾರು ಮಾತ್ರ, ಬಿಟ್ಟುಕೊಳ್ಳುತ್ತದೆ.

ಓರೆಯ ಮೇಲೆ ನಾರು ಎದ್ದಿದ್ದರೆ ಉಪ್ಪುಕಾಗದವನ್ನು ರಟ್ಟಿನ ಚೂರಿಗೆ ಸುತ್ತಿ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಮುಂಬದಿಯ ಅಂಚಿನಲ್ಲಿ ಎದ್ದಿರುವ ತೆಳು ಏಣನ್ನು ಬಿಳಿ ಕಾಗದವೊಂದನ್ನು ಮೇಲಿಟ್ಟು ಮೂಳೆಯ ಪಟ್ಟಿಯಿಂದ ಒತ್ತಿ ಕೂರಿಸಿ; ಕಾಗದವಿಲ್ಲದೆ ನೇರವಾಗಿ ಉಜ್ಜಿದರೆ ಹೊಳಪಿನ ಗೆರೆ ಉಳಿಯುತ್ತದೆ, ಅದು ಹೋಗುವುದಿಲ್ಲ. ಮೂಲೆಯಾಚೆಗೆ ಸಣ್ಣ ಸೀಳು ಕಂಡರೆ ಅದನ್ನೂ ಹೀಗೆಯೇ ಒತ್ತಿ ಮುಚ್ಚಬಹುದು. ಎರಡು ಮಿ.ಮೀ.ಗಿಂತ ಉದ್ದದ ಸೀಳನ್ನು ಮುಚ್ಚಲಾಗದು.

ಹಂತ 8: ಬೋರ್ಡಿಗಿಂತಲೂ ದೊಡ್ಡದಾದರೆ

ಮೌಂಟಿನ ಹೊರ ಅಳತೆ 102 × 152 ಸೆಂ.ಮೀ. ದಾಟಿದರೆ, ಅಥವಾ ಓರೆ ಐದಾರು ಮಿ.ಮೀ. ದಪ್ಪದ್ದಾಗಿರಬೇಕೆಂದಿದ್ದರೆ, ಒಂದೇ ಹಾಳೆಯಲ್ಲಿ ಕತ್ತರಿಸುವ ದಾರಿ ಮುಗಿಯಿತು. ಆಗ ಚೌಕಟ್ಟು ಮಾಡುವ ಹಾಗೆಯೇ ನಾಲ್ಕು ಪಟ್ಟಿಗಳನ್ನು ಮಾಡಿ, ಬಟ್ಟೆ ಹೊದಿಸಿ, ಮೂಲೆಯಲ್ಲಿ 45 ಡಿಗ್ರಿಗೆ ಕೂಡಿಸಬೇಕು. ನೋಡಲು ಕಷ್ಟವೆನಿಸಿದರೂ ಹೊಸಬರಿಗೆ ಇದೇ ಸುಲಭ ಎಂಬುದು ನನ್ನ ಅನುಭವ. ಒಂದು ಪಟ್ಟಿ ಹಾಳಾದರೆ ಒಂದೇ ಪಟ್ಟಿ ಹೋಗುತ್ತದೆ.

ಒಳತಿರುಳಿಗೆ 5 ಮಿ.ಮೀ.ನ ಫೋಮ್ ಬೋರ್ಡ್ ಬಳಸಬಹುದು. ಅಂಗಡಿಗಳಲ್ಲಿ ಸನ್ ಬೋರ್ಡ್ ಹೆಸರಿನಲ್ಲಿ 8 × 4 ಅಡಿಯ ಪಿವಿಸಿ ಹಲಗೆಯೂ ಸಿಗುತ್ತದೆ. ಪಿವಿಸಿ ಹಳತಾದಂತೆ ಆಮ್ಲ ಬಿಡುವುದರಿಂದ ಪೋಸ್ಟರಿಗೆ ಸರಿ, ಮೂಲ ಚಿತ್ರಕ್ಕೆ ಬೇಡ. ಬಡಗಿಯ ಬಳಿ 6 ಮಿ.ಮೀ. ಎಂಡಿಎಫ್ ಪಟ್ಟಿಗೆ ಯಂತ್ರದಲ್ಲಿ 45 ಡಿಗ್ರಿ ಓರೆ ಹೊಡೆಸಿಕೊಳ್ಳುವುದೂ ಉಂಟು, ಅಂಚು ಬಹಳ ಚೊಕ್ಕವಾಗಿ ಬರುತ್ತದೆ. ಆದರೆ ಭಾರ ಹೆಚ್ಚು, ಚಿತ್ರಕ್ಕೆ ನೇರವಾಗಿ ತಾಗಲೂಬಾರದು.

ಬಟ್ಟೆಗೆ ಚಿಕ್ಕಪೇಟೆಗೆ ಹೋದರೆ ಕಣ್ಣು ರೇಷ್ಮೆಯ ಕಡೆಗೇ ಹೋಗುತ್ತದೆ. ಮೊದಲ ಸಲಕ್ಕೆ ಬಿಗಿಯಾದ ನೇಯ್ಗೆಯ ಖಾದಿ ಅಥವಾ ಲಿನನ್ ತೆಗೆದುಕೊಳ್ಳಿ. ತೆಳು ರೇಷ್ಮೆಯಲ್ಲಿ ಅಂಟು ಮೇಲಕ್ಕೆ ಒಸರಿ ಕಲೆಯಾಗುತ್ತದೆ. ಬಟ್ಟೆಯನ್ನು ಒಗೆದು ಗಂಜಿ ಹೋಗಲಾಡಿಸಿ ಇಸ್ತ್ರಿ ಮಾಡಿ. ಹಾಸಿನ ಎಳೆ ಪಟ್ಟಿಯ ಉದ್ದಕ್ಕೆ ನೇರವಾಗಿ ಬರಬೇಕು, ಒಂದು ಎಳೆ ಓಡಿಹೋದರೂ ಓರೆಯ ಅಂಚಿನಲ್ಲಿ ಅದು ಎದ್ದು ಕಾಣುತ್ತದೆ.

ಕ್ರಮ ಹೀಗಿರಲಿ. ಪಟ್ಟಿಗಳನ್ನು ಬೇಕಾದ್ದಕ್ಕಿಂತ ಐದು ಸೆಂ.ಮೀ. ಉದ್ದವಾಗಿ ಕತ್ತರಿಸಿ ಒಳ ಅಂಚಿಗೆ ಓರೆ ಹೊಡೆಯಿರಿ. ಪಿವಿಎ ಅಂಟನ್ನು ಬಟ್ಟೆಗೆ ಹಚ್ಚದೆ ಪಟ್ಟಿಗೆ ತೆಳುವಾಗಿ ಹಚ್ಚಿ, ಮುಂಬದಿಯಿಂದ ಆರಂಭಿಸಿ ಓರೆಯ ಮೇಲೆ ಒತ್ತಿ, ಹಿಂಬದಿಗೆ ಮೂರು ಸೆಂ.ಮೀ. ಮಡಚಿ ಅಂಟಿಸಿ. ಪೂರ್ತಿ ಒಣಗಿದ ಮೇಲೆಯೇ ಮೂಲೆಯ 45 ಡಿಗ್ರಿ ಸೀಳು. ಅಂಟು ಕುಡಿದು ಒಣಗಿದ ಬಟ್ಟೆ ಎಳೆ ಬಿಡುವುದಿಲ್ಲ, ಹಸಿಯಿದ್ದಾಗ ಕತ್ತರಿಸಿದರೆ ಗಡ್ಡದಂತೆ ಎಳೆಗಳು ಏಳುತ್ತವೆ. ಎದುರುಬದುರಿನ ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ಉದ್ದ ಹೋಲಿಸಿ, ಅರ್ಧ ಮಿ.ಮೀ. ವ್ಯತ್ಯಾಸವಿದ್ದರೂ ಮೂಲೆ ಕೂಡುವುದಿಲ್ಲ.

ಕೂಡಿಸುವಾಗ ನಾಲ್ಕೂ ಪಟ್ಟಿಗಳನ್ನು ಮುಖ ಕೆಳಗಾಗಿ ಜೋಡಿಸಿ, ಹಿಂದಿನಿಂದ 4 ಪ್ಲೈ ಬೋರ್ಡಿನ ಪಟ್ಟಿಗಳನ್ನು ಇಡೀ ಸುತ್ತಿಗೂ ಅಂಟಿಸಿ. ಈ ಹಿಂಪದರದ ಕೂಡುಗಳು ಮೂಲೆಯಲ್ಲಿ ಬರಬಾರದು. ಮೂಲೆಯನ್ನು ಅಖಂಡ ತುಂಡೊಂದು ದಾಟಿ ಹಿಡಿದಿರಬೇಕು, ಕೂಡು ಬದಿಯ ನಡುವೆ ಎಲ್ಲಾದರೂ ಇರಲಿ. ಒಳ ಅಂಚಿನಿಂದ ಅದು 3 ಮಿ.ಮೀ. ಹಿಂದೆ ಸರಿದಿದ್ದರೆ ಮುಂದಿನಿಂದ ಕಾಣುವುದಿಲ್ಲ. ಇಂಥ ಮೌಂಟಿನಲ್ಲಿ ಚಿತ್ರವನ್ನು 5ರ ಬದಲು 10 ಮಿ.ಮೀ. ಮುಚ್ಚುವಂತೆ ಲೆಕ್ಕ ಹಾಕಿ.

ಹಂತ 9: ಚಿತ್ರ ಕೂರಿಸುವುದು

ಚಿತ್ರವನ್ನು ಮೌಂಟಿಗೆ ಅಂಟಿಸಬಾರದು, ಹಿಂದಿನ ಆಧಾರದ ಬೋರ್ಡಿಗೆ ತೂಗಿಸಬೇಕು. ಜಪಾನೀ ನಾರುಕಾಗದದ ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಸರಿಯಿಂದ ಚಿತ್ರದ ಹಿಂಬದಿಯ ಮೇಲಂಚಿಗೆ ಹಚ್ಚಿ, ಅವುಗಳಿಂದ ಹಾಳೆ ನೇತಾಡುವಂತೆ ಮಾಡುತ್ತಾರೆ. 60 ಸೆಂ.ಮೀ. ಅಗಲಕ್ಕೆ ಮೂರು ಸಾಕು. ಉಳಿದ ಮೂರು ಬದಿ ಬಿಡಿಯಾಗಿರಲಿ. ನಾಲ್ಕೂ ಕಡೆ ಬಿಗಿದರೆ ಹಾಳೆ ಹಿಗ್ಗಲು ಜಾಗವಿಲ್ಲದೆ ಅಲೆಅಲೆಯಾಗುತ್ತದೆ. ಸೆಲೋ ಟೇಪು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಒಣಗಿದ ಮೇಲೆ ಬಿಡಿಸಲಾಗದು. ಬೈಂಡಿಂಗಿನವರ ಮೈದಾ ಅಂಟಿಗೆ ಹುಳು ಬಾರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಪುಸ್ತಕದ ರಟ್ಟಿಗೆ ಅದು ಸರಿ, ಚಿತ್ರದ ಹತ್ತಿರ ಸುಳಿಯಬಾರದು.

ಕೊನೆಗೆ ದಪ್ಪ ಮತ್ತು ಭಾರದ ಲೆಕ್ಕ. ಗಾಜು 3, ಮೌಂಟು 3, ಚಿತ್ರ ಮತ್ತು ಆಧಾರದ ಬೋರ್ಡು 1.5ರಿಂದ 2, ಹಿಂದಿನ ಹಲಗೆ 5 ಎಂದರೆ ಸುಮಾರು 13 ಮಿ.ಮೀ. ಚೌಕಟ್ಟಿನ ಹಿಂಬದಿಯಲ್ಲಿ ಗಾಜು ಕೂರಲು ಮೆಟ್ಟಿಲಿನಂತೆ ಕೊರೆದಿರುವ ಜಾಗ ಕನಿಷ್ಠ 15 ಮಿ.ಮೀ. ಆಳವಿರುವ ಪಟ್ಟಿಯನ್ನೇ ಆರಿಸಿ. ಮೌಂಟೆಲ್ಲ ಮುಗಿದ ಮೇಲೆ ಚೌಕಟ್ಟು ಆಳ ಸಾಲದೆಂದು ಹಿಂದಿನ ಹಲಗೆಯನ್ನು ಮೊಳೆಯಿಂದ ಅದುಮಿ ಕೂರಿಸಿದರೆ, ಇಷ್ಟು ಕಷ್ಟಪಟ್ಟು ಮಾಡಿದ ಅಂತರವೆಲ್ಲ ಹೋಯಿತು. 83 × 115ರ ಅಳತೆಗೆ 3 ಮಿ.ಮೀ. ಗಾಜೊಂದೇ ಏಳು ಕಿಲೋ ದಾಟುತ್ತದೆ, ಅದೇ ದಪ್ಪದ ಅಕ್ರಿಲಿಕ್ ಹಾಳೆ ಮೂರೂವರೆ ಕಿಲೋಗಿಂತ ಕಡಿಮೆ. ಆದರೆ ಅಕ್ರಿಲಿಕ್ ಒರೆಸಿದಾಗ ಸ್ಥಾಯಿ ವಿದ್ಯುತ್ತಿನಿಂದ ಇದ್ದಿಲು, ಪ್ಯಾಸ್ಟಲ್ ಪುಡಿಯನ್ನು ಎಳೆದುಕೊಳ್ಳುತ್ತದೆ, ಅಂಥ ಚಿತ್ರಗಳಿಗೆ ಗಾಜೇ ಇರಲಿ. ಒಂದೇ ಮೊಳೆಗೆ ನೇತುಹಾಕದೆ ಎರಡು ಕಡೆ ಗೋಡೆ ಕೊರೆದು ಪ್ಲಗ್ಗು ಹಾಕಿ ಸ್ಕ್ರೂ ಬಿಗಿಯಿರಿ, ಹೊರಗಿನ ಮಳೆ ಹೀರುವ ಗೋಡೆಯನ್ನು ಬಿಟ್ಟು ಒಳಗೋಡೆ ಆರಿಸಿ, ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರ್ ಗುಂಡಿ ಅಂಟಿಸಿ ಗಾಳಿಯಾಡಲು ಬಿಡಿ. ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ ಪಕ್ಕದಿಂದ ಟಾರ್ಚು ಹಿಡಿದು ನೋಡಿ: ಹಾಳೆ ಎಲ್ಲಿಯೂ ಗಾಜಿಗೆ ತಾಗಿರದಿದ್ದರೆ ಕಟ್ಟು ಬಿಚ್ಚುವ ಅಗತ್ಯವಿಲ್ಲ.